ಮಾಂಟ್ರಿಯಾಲಿನ ಆಟದ ಬಯಲು

"ಓದುವ ಮಕ್ಕಳಿಗೆ ಆಟವೇತಕ್ಕೆ?" ಎಂಬುದು ನಮ್ಮ ಮನೆಯಲ್ಲಿ ಎರಡು ತಲೆಮಾರುಗಳಿಂದ ನಡೆದುಬಂದ ಮಾತು. ನಮ್ಮ ತೀರ್ಥರೂಪರು ನಮಗೆ ಹೇಳಿದರು. ನಾವು ನಮ್ಮ ಮಗಳಿಗೆ ಹೇಳಿದೆವು. ಹೇಳಿದ್ದು ಸರಿಯೋ ತಪ್ಪೋ ಎಂದು ವಿಚಾರಿಸುವ ಗೋಜಿಗೆ ನಾವು ಬಹುಕಾಲ ಹೋಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಕೆನಡಾ ದೇಶದ ಮಾಂಟ್ರಿಯಾಲ್ ನಗರದಲ್ಲಿ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬರುವ ಸಂದರ್ಭವೊದಗಿದಾಗ, ವಿಚಾರಿಸದೆ ವಿಧಿಯಿಲ್ಲವಾಯಿತು. ಅಲ್ಲಿ ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಡುವುದು ಉಚಿತವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ನಮ್ಮ ಮೊಮ್ಮಗಳು ಆ ಊರಿನ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ. ಜೇಮ್ಸ್ ಮ್ಯಾಕ್‌ಗಿಲ್ ಎಂಬ ವರ್ತಕನು ಮರಣಪತ್ರದಲ್ಲಿ ಬಿಟ್ಟುಹೋದ ಆಸ್ತಿಯಿಂದ ೧೮೨೧ರಲ್ಲಿ ಹುಟ್ಟಿದ ವಿದ್ಯಾಸಂಸ್ಥೆ ಅದು. ಊರ ನಡುವೆಯೇ ಮೌಂಟ್ ರಾಯಲ್ ಎಂಬ ಗುಡ್ಡವಿದೆ. ನಮ್ಮ ಚಾಮುಂಡಿಬೆಟ್ಟದ ಎತ್ತರ ಅದಕ್ಕಿಲ್ಲವಾದರೂ ಊರಿನವರು ಅದನ್ನು ಅಕ್ಕರೆಯಿಂದ 'ಬೆಟ್ಟ' ಎಂದೇ ಕರೆಯುವರು. ಆ ಬೆಟ್ಟದ ಬುಡದಲ್ಲಿ ಪಾಠಶಾಲೆಗಳು. ಇಳಿಜಾರಿನಲ್ಲಿ ಸ್ವಲ್ಪ ಮೇಲಕ್ಕೆ ಆಟದ ಬಯಲು, ವ್ಯಾಯಾಮಶಾಲೆ, ಮಂಜುಗಡ್ಡೆಯ ಅಂಕಣ. "ತಾತ, ನೀವು ಪುಸ್ತಕಭಂಡಾರವನ್ನು ಮಾತ್ರ ನೋಡಿದರೆ ಅರ್ಧ ಕಾಲೇಜನ್ನು ನೋಡಿದಹಾಗೆ" ಎಂದು ಮೊಮ್ಮಗಳು ಒಂದು ದಿನ ನಮ್ಮನ್ನು ಮೇಲಕ್ಕೆ ಕರೆದುಕೊಂಡು ಹೋದಳು. ಅಕ್ಟೋಬರ್ ತಿಂಗಳು, ಮೇಪಲ್ ಮರಗಳೆಲ್ಲ ಕೆಂಪಾಗಿದ್ದುವು. ನಮ್ಮ ಗೃಹಿಣಿಗೆ ಮಂಡಿನೋವಾದುದರಿಂದ ಅಲ್ಲಲ್ಲಿ ನಿಂತು ನಿಂತು ಏರಿದೆವು.

ಮೊದಲು ಕಂಡುದು ಪರ್ಸಿವಲ್ ಮೋಲ್ಸನ್ ಸ್ಮಾರಕ ಕ್ರೀಡಾಂಗಣ. ೨೦,೦೦೦ಕ್ಕೂ ಹೆಚ್ಚು ಜನರು ಕುಳಿತು ನೋಡಬಹುದಾದ ಈ ಬಯಲಿಗೆ ಹೆಸರು ಕೊಟ್ಟ ಮನುಷ್ಯನ ಕಥೆಯನ್ನು ಕೇಳಿ ನಮ್ಮ ಮನಸ್ಸು ಮರುಗಿತು. ಮೋಲ್ಸನ್ ಅದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ. ಹದಿನಾರರ ವಯಸ್ಸಿನಲ್ಲಿಯೇ, ೧೮೯೭ರಲ್ಲಿ, ಹಾಕಿಯ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿದ್ದವನು. ೧೯೦೪ರ ಸೇಂಟ್ ಲೂಯಿಸ್ ಒಲಿಂಪಿಕ್ ಕೂಟದಲ್ಲಿ ಓಡಿದವನು. ಮೊದಲನೆಯ ಮಹಾಯುದ್ಧಕ್ಕೆ ಹೋಗಿ ೧೯೧೭ರ ಜುಲೈ ತಿಂಗಳಲ್ಲಿ ಫ್ರಾನ್ಸಿನಲ್ಲಿ ಮಡಿದನು. ಆಗ ಅವನಿಗೆ ಮೂವತ್ತಾರು ವರ್ಷ. ಆಟದ ಬಯಲಿನ ಕೆಲಸಕ್ಕಾಗಿ ೭೫,೦೦೦ ಡಾಲರುಗಳನ್ನು ತನ್ನ ಮರಣಪತ್ರದಲ್ಲಿ ಬರೆದಿಟ್ಟಿದ್ದನು. ೧೯೧೯ರಲ್ಲಿ ಆ ಬಯಲಿಗೆ ಅವನ ಹೆಸರನ್ನಿಟ್ಟರು. ದೇವಸ್ಥಾನಕ್ಕೆ, ಛತ್ರಕ್ಕೆ, ಕೆರೆಗೆ ದತ್ತಿ ಬಿಡುವವರನ್ನು ನಾವು ಬಲ್ಲೆವು. ಸಾವಿನ ಬಾಯಿಗೆ ಹೋಗುವ ಮೊದಲು ಮುಂದಿನ ಹುಡುಗರ ಆಟಕ್ಕೆ ದತ್ತಿ ಬಿಟ್ಟವನನ್ನು ಅಂದೇ ಮೊದಲು ಕೇಳಿದುದು.

ಅಲ್ಲಿ ನಡೆಯುವುದು ಫುಟ್‌ಬಾಲ್. ಹೆಸರು ಕೇಳಿ ಮೋಸಹೋಗಬಾರದು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಮೊಟ್ಟೆಯಾಕಾರದ ಚೆಂಡು, ಕಡೆಗೆ ಹನ್ನೆರಡು ಮಂದಿ, ೧೧೦ ಗಜ ಉದ್ದದ ಬಯಲು. ಈ ಆಟದ ಚರಿತ್ರೆಯಲ್ಲಿ ಮ್ಯಾಕ್‌ಗಿಲ್ಲಿಗೆ ಒಂದು ವಿಶೇಷ ಸ್ಥಾನವುಂಟು. ೧೮೭೪ರ ಮೇ ೧೪ ಮತ್ತು ೧೫ರಂದು ಇಲ್ಲಿಯ ಹುಡುಗರು ಗಡಿದಾಟಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಆಡಲು ಹೋದರು. ಎರಡು ಕಡೆಯ ನಿಯಮಗಳೂ ಬೇರೆ. ಜಗಳವಾಡದೆ, ಮೊದಲ ದಿನ ಅವರ ನಿಯಮದಂತೆ ಗುಂಡು ಚೆಂಡಿನಲ್ಲಿಯೂ ಎರಡನೆಯ ದಿನ ಇವರ ನಿಯಮದಂತೆ ಮೊಟ್ಟೆಯಾಕಾರದ ಚೆಂಡಿನಲ್ಲಿಯೂ ಆಡಿದರು. ಮೊದಲ ದಿನ ಹಾರ್ವರ್ಡಿನವರು ಗೆದ್ದರು; ಎರಡನೆಯ ದಿನ ಯಾರೂ ಗೆಲ್ಲಲಿಲ್ಲ. ಆದರೆ ಗೆದ್ದವರಿಗೆ ಅತಿಥಿಗಳ ಆಟವೇ ಹೆಚ್ಚು ಹಿಡಿಸಿ, ಅದನ್ನೇ ತಾವೂ ಕೈಗೊಂಡರು. ಇಂದಿನ ಅಮೆರಿಕನ್ ಫುಟ್‌ಬಾಲಿನ ಬೇರು ಅಲ್ಲಿದೆಯೆಂದು ಬಲ್ಲವರು ಹೇಳುವರು. ಮ್ಯಾಕ್‌ಗಿಲ್ ತಂಡವು ೧೯೮೭ರಲ್ಲಿ ರಾಷ್ಟ್ರದ ವ್ಯಾನಿಯರ್ ಕಪ್ಪನ್ನು ಗೆದ್ದುದೂ ಉಂಟು.

ಬಯಲಿನಿಂದಾಚೆಗೆ, ೧೯೫೦ರ ದಶಕದಲ್ಲಿ ಕಟ್ಟಿದ ಮ್ಯಾಕಾನಲ್ ಅಂಕಣದಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ನಡೆಯುವುದು. ಒಳಗೆ ಕಾಲಿಟ್ಟೊಡನೆ ನಮಗೆ ಹಲ್ಲು ಕಟಕಟಿಸಿತು. ೧೮೭೫ರ ಮಾರ್ಚ್ ೩ರಂದು ಇದೇ ಊರಿನ ವಿಕ್ಟೋರಿಯಾ ಮಂಜಿನಂಕಣದಲ್ಲಿ ಜೇಮ್ಸ್ ಕ್ರೈಟನ್ ಎಂಬಾತನು ಕಡೆಗೆ ಒಂಬತ್ತು ಮಂದಿಯಂತೆ ಎರಡು ಕಡೆಗಳನ್ನು ಕಟ್ಟಿ, ಚಾವಣಿಯ ಕೆಳಗೆ ಕ್ರಮಬದ್ಧವಾದ ಹಾಕಿ ಪಂದ್ಯವನ್ನು ಆಡಿಸಿದನು. ಚೆಂಡು ಹಾರಿ ನೋಡುವವರಿಗೆ ತಗುಲೀತೆಂದು ಅದರ ಬದಲು ಮರದ ಚಪ್ಪಟೆ ಬಿಲ್ಲೆಯನ್ನು ಬಳಸಿದರಂತೆ. ೧೮೭೭ರಲ್ಲಿ ಮ್ಯಾಕ್‌ಗಿಲ್ಲಿನ ವಿದ್ಯಾರ್ಥಿಗಳು ತಮ್ಮದೇ ಹಾಕಿ ಸಂಘವನ್ನು ಸ್ಥಾಪಿಸಿದರು. ಅಷ್ಟು ಹಳೆಯ ಸಂಘಕ್ಕೆ ವಿಶ್ವವಿದ್ಯಾನಿಲಯಗಳ ರಾಷ್ಟ್ರಕಪ್ ದೊರೆತುದು ೨೦೧೨ರಲ್ಲಿ! ಇಷ್ಟು ದೀರ್ಘಕಾಲ ಸೋತೂ ಆಡುತ್ತಲೇ ಇದ್ದರಲ್ಲ ಎಂಬುದೇ ನಮಗೆ ಆಶ್ಚರ್ಯ. ಹೆಣ್ಣುಮಕ್ಕಳ ತಂಡವಾದರೋ ಅದಕ್ಕೆ ಮೊದಲೇ ೨೦೦೮, ೨೦೦೯, ೨೦೧೧ರಲ್ಲಿಯೂ, ಆಮೇಲೆ ೨೦೧೪ರಲ್ಲಿಯೂ ರಾಷ್ಟ್ರಪ್ರಶಸ್ತಿಯನ್ನು ಗೆದ್ದಿತು.

"ಹೆಣ್ಣುಮಕ್ಕಳು ಈ ಚಳಿಯಲ್ಲಿ, ಈ ಕೋಲು ಹಿಡಿದು!" ಎಂದು ನಮ್ಮ ಗೃಹಿಣಿ ಬೆರಗಾದಳು. ಮೊಮ್ಮಗಳು ನಕ್ಕು, ಕಿಮ್ ಸೇಂಟ್-ಪಿಯರ್ ಎಂಬಾಕೆಯ ಮಾತನ್ನು ಹೇಳಿದಳು. ಆಕೆ ಮ್ಯಾಕ್‌ಗಿಲ್ಲಿನ ಗೋಲು ಕಾಯುವವಳು. ೨೦೦೩ರ ನವೆಂಬರಿನಲ್ಲಿ ಗಂಡುಹುಡುಗರ ತಂಡದಲ್ಲಿಯೇ ಗೋಲು ಕಾಯಲು ನಿಂತು ಪಂದ್ಯವನ್ನು ಗೆಲ್ಲಿಸಿದಳು. ಕೆನಡಾದ ವಿಶ್ವವಿದ್ಯಾನಿಲಯಗಳ ಗಂಡಸರ ಹಾಕಿಯಲ್ಲಿ ಹಾಗೆ ಗೆದ್ದ ಹೆಂಗಸು ಆಕೆಯೇ ಮೊದಲು. ೧೮೮೪ರ ತನಕ ಹೆಣ್ಣುಮಕ್ಕಳನ್ನು ತರಗತಿಯೊಳಕ್ಕೇ ಸೇರಿಸದಿದ್ದ ವಿದ್ಯಾಸಂಸ್ಥೆಯಲ್ಲಿ ಇದು ನಡೆದುದು. ಈ ಮಾತು ನಡೆಯುತ್ತಿರುವಾಗ ನಮ್ಮ ಮಗಳು ಏನೂ ಆಡದೆ ಮಂಜುಗಡ್ಡೆಯನ್ನೇ ನೋಡುತ್ತ ನಿಂತಿದ್ದಳು. ನಾವು ಅದನ್ನು ಗಮನಿಸದೆ ಇರಲಿಲ್ಲ.

ಎಲ್ಲವೂ ಹೊಗಳತಕ್ಕುದೇ ಎಂದು ವಾಚಕರು ಭಾವಿಸಬಾರದು. ಈ ತಂಡಗಳು ಕೆಂಪು ಉಡುಪನ್ನು ತೊಡುತ್ತಿದ್ದುದರಿಂದ ೧೯೨೦ರ ದಶಕದಲ್ಲಿ ಅವಕ್ಕೆ 'ರೆಡ್‌ಮೆನ್' ಎಂಬ ಹೆಸರು ಬಂದಿತು. ಬಟ್ಟೆಯಿಂದ ಬಂದ ಹೆಸರು ಕಾಲಕ್ರಮದಲ್ಲಿ ಆ ನಾಡಿನ ಮೂಲನಿವಾಸಿಗಳ ಮೈಬಣ್ಣದ ಮೇಲಣ ಹಾಸ್ಯವಾಗಿ ಪರಿಣಮಿಸಿತು. ಗರಿಯ ತಲೆಯುಡುಗೆಯ ಚಿತ್ರವೂ ಆಟಗಾರರ ಉಡುಪನ್ನು ಸೇರಿತು. ೧೯೯೨ರಲ್ಲಿ ಚಿತ್ರವನ್ನು ತೆಗೆದರೂ ಹೆಸರು ಉಳಿದಿತ್ತು. ಮೂಲನಿವಾಸಿ ವಿದ್ಯಾರ್ಥಿಗಳು, ಅವರಲ್ಲಿಯೂ ಅದೇ ಉಡುಪನ್ನು ತೊಟ್ಟು ಆಡುತ್ತಿದ್ದವರು, ತಮ್ಮ ನೋವನ್ನು ಬಾಯಿಬಿಟ್ಟು ಹೇಳಿದರು. ೨೦೧೮ರಲ್ಲಿ ವಿದ್ಯಾರ್ಥಿಗಳು ಬಹುಮತದಿಂದ ಹೆಸರು ಬೇಡವೆಂದರು. ೨೦೧೯ರಲ್ಲಿ ಅಧಿಕಾರಿಗಳು ಅದನ್ನು ಕೈಬಿಟ್ಟು, ೨೦೨೦ರಲ್ಲಿ ಗಂಡುಮಕ್ಕಳ ತಂಡಗಳಿಗೆ 'ರೆಡ್‌ಬರ್ಡ್ಸ್', ಎಂದರೆ ಕೆಂಪುಹಕ್ಕಿಗಳು, ಎಂದು ಹೆಸರಿಟ್ಟರು. ಹಳೆಯ ಆಟಗಾರರಲ್ಲಿ ಕೆಲವರಿಗೆ ಇದರಿಂದ ಬೇಸರವಾಯಿತು. ಆದರೆ ಒಬ್ಬನ ಹೆಮ್ಮೆಯು ಮತ್ತೊಬ್ಬನಿಗೆ ಅವಮಾನವಾಗುವಾಗ ಯಾವುದನ್ನು ಬಿಡಬೇಕೆಂಬುದು ಕಷ್ಟದ ಪ್ರಶ್ನೆಯಲ್ಲ. ಹೆಣ್ಣುಮಕ್ಕಳ ತಂಡಗಳ ಹೆಸರು 'ಮಾರ್ಟ್ಲೆಟ್ಸ್'. ಮಾರ್ಟ್ಲೆಟ್ ಎಂಬುದು ವಿಶ್ವವಿದ್ಯಾನಿಲಯದ ಲಾಂಛನದಲ್ಲಿರುವ, ಕಾಲಿಲ್ಲದ ಕೆಂಪು ಹಕ್ಕಿ. ನಮ್ಮ ಗಂಡಭೇರುಂಡದಂತೆ ಅದೂ ಕಲ್ಪನೆಯ ಪಕ್ಷಿ. ಕಾಲಿಲ್ಲದುದರಿಂದ ಎಲ್ಲಿಯೂ ಕೂರದೆ ಹಾರುತ್ತಲೇ ಇರುವುದಂತೆ.

ಮತ್ತೊಂದು ಸಂಗತಿ. ಹೊಸದಾಗಿ ಸೇರಿದ ಆಟಗಾರರನ್ನು ಹಿರಿಯರು ಹೀನಾಯವಾಗಿ ಕಾಡಿದರೆಂದು ತಿಳಿದುಬಂದಾಗ, ೨೦೦೫ರಲ್ಲಿ ವಿಶ್ವವಿದ್ಯಾನಿಲಯವು ಫುಟ್‌ಬಾಲ್ ತಂಡದ ಆ ವರ್ಷದ ಉಳಿದ ಪಂದ್ಯಗಳನ್ನೇ ನಿಲ್ಲಿಸಿಬಿಟ್ಟಿತು. ಆಟದಿಂದ ಗುಣ ತಾನಾಗಿಯೇ ಬರುವುದೆಂಬುದು ಸುಳ್ಳು. ಗುಣವನ್ನು ಕಾಯುವವರು ಬೇಕು. ಅಲ್ಲಿ ಆಟಗಾರನೂ ಮೊದಲು ವಿದ್ಯಾರ್ಥಿಯೇ. ಆಟಕ್ಕಾಗಿ ಕೊಡುವ ವೇತನವು ಓದಿನ ಶುಲ್ಕವನ್ನು ಮೀರಕೂಡದೆಂಬ ನಿಯಮವನ್ನು ಆ ದೇಶದ ವಿಶ್ವವಿದ್ಯಾನಿಲಯಗಳು ಮಾಡಿಕೊಂಡಿರುವುವು. ಇದನ್ನು ಕೇಳಿ ನಮಗೆ ಸಮಾಧಾನವಾಯಿತು.

ಕಡೆಯಲ್ಲಿ ಹೋದುದು ಸರ್ ಆರ್ಥರ್ ಕರಿ ಸ್ಮಾರಕ ವ್ಯಾಯಾಮಶಾಲೆಗೆ. ಕರಿಯವರು ಮೊದಲನೆಯ ಮಹಾಯುದ್ಧದಲ್ಲಿ ಕೆನಡಾದ ಸೇನೆಯನ್ನು ನಡೆಸಿದವರು. ೧೯೨೦ರಿಂದ ೧೯೩೩ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯ ಮುಖ್ಯಾಧಿಕಾರಿಗಳಾಗಿದ್ದವರು. ತಾವು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ ಎದ್ದ ಈ ಕಟ್ಟಡದ ಸುತ್ತ ಈಗ ಈಜುಕೊಳವೂ, ಚಾವಣಿಯ ಕೆಳಗೆ ೨೦೦ ಮೀಟರಿನ ಓಟದ ಹಾದಿಯೂ ಸೇರಿಕೊಂಡಿವೆ. ಹೊರಗೆ ಮೊಳದುದ್ದ ಹಿಮ ಬಿದ್ದರೂ ಒಳಗೆ ಓಡುವವನಿಗೆ ಅಡ್ಡಿಯಿಲ್ಲ.

ಬ್ಯಾಸ್ಕೆಟ್‌ಬಾಲನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಇದೇ ವಿಶ್ವವಿದ್ಯಾನಿಲಯದವನು. ಆಂಟೇರಿಯೊ ಪ್ರಾಂತದ ಆಲ್ಮಾಂಟ್ ಊರಿನಲ್ಲಿ ೧೮೬೧ರಲ್ಲಿ ಹುಟ್ಟಿ, ಒಂಬತ್ತರ ವಯಸ್ಸಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಸೋದರಮಾವನ ಮನೆಯಲ್ಲಿ ಬೆಳೆದನು. ಶಾಲೆ ಬಿಟ್ಟು ಮರ ಕಡಿಯುವ ಕೂಲಿಗೆ ಹೋಗಿ, ಮತ್ತೆ ಓದಿಗೆ ಮರಳಿ, ೧೮೮೭ರಲ್ಲಿ ಮ್ಯಾಕ್‌ಗಿಲ್ಲಿನಲ್ಲಿ ಬಿ.ಎ. ಆದನು. ಪಾದ್ರಿಯಾಗಬೇಕೆಂದು ದೇವತಾಶಾಸ್ತ್ರವನ್ನೂ ಓದಿದನು. ಆಟವು ಪಿಶಾಚಿಯ ಬಲೆಯೆಂದು ಹಿರಿಯರು ಭಾವಿಸುತ್ತಿದ್ದ ಕಾಲ ಅದು. ಅವನು ಆಟದ ಬಯಲಿನಲ್ಲಿಯೂ ಮನುಷ್ಯನನ್ನು ತಿದ್ದಬಹುದೆಂದು ನಿಶ್ಚಯಿಸಿ, ಧರ್ಮಪೀಠವನ್ನು ಬಿಟ್ಟು ವ್ಯಾಯಾಮಶಿಕ್ಷಕನಾದನು. ಅವನ ಅಕ್ಕರೆಯ ಸೋದರಿಯು ಇದನ್ನು ಎಂದೂ ಕ್ಷಮಿಸಲಿಲ್ಲವಂತೆ. ೧೮೯೧ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಚಳಿಗಾಲದಲ್ಲಿ ಒಳಗೆ ಕೂಡಿಹಾಕಿದ ತುಂಟ ವಿದ್ಯಾರ್ಥಿಗಳಿಗಾಗಿ, ಹತ್ತು ಅಡಿ ಎತ್ತರದಲ್ಲಿ ಎರಡು ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದು ಈ ಹೊಸ ಆಟವನ್ನು ಹೂಡಿದನು. ನಮ್ಮ ಲಗೋರಿಯ ನೆಂಟನಂತಿರುವ, ಬಂಡೆಯ ಮೇಲಿಟ್ಟ ಕಲ್ಲನ್ನು ಕಲ್ಲಿನಿಂದ ಬೀಳಿಸುವ ಬಾಲ್ಯದ ಆಟವೊಂದು ಅವನಿಗೆ ದಾರಿತೋರಿತು. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದಾಗಲೆಲ್ಲ ಏಣಿ ಹಾಕಿ ತೆಗೆಯಬೇಕಾಗಿತ್ತಂತೆ! ಕೆಲವೇ ವರ್ಷಗಳಲ್ಲಿ ಆ ಆಟವು ವೈ.ಎಂ.ಸಿ.ಎ.ಯವರ ಮೂಲಕ ನಮ್ಮ ದೇಶಕ್ಕೂ ಬಂದಿತು. ಮದರಾಸಿನಲ್ಲಿ ೧೯೨೦ರಲ್ಲಿ ಅವರು ತೆರೆದ ವ್ಯಾಯಾಮ ಕಾಲೇಜಿನಲ್ಲಿ ಕಲಿತ ಶಿಕ್ಷಕರು ಅದನ್ನು ದಕ್ಷಿಣದ ಶಾಲೆಗಳಿಗೆ ಒಯ್ದರು.

ಅದು ನಮ್ಮ ಮಗಳ ಶಾಲೆಗೂ ಬಂದಿತ್ತು. ಇಲ್ಲಿ ನಾವು ಮುಚ್ಚಿಡದೆ ಹೇಳಬೇಕು. ಹತ್ತನೆಯ ತರಗತಿಯಲ್ಲಿದ್ದಾಗ ಆಕೆ ಶಾಲೆಯ ತಂಡದಲ್ಲಿದ್ದಳು. ಜಿಲ್ಲೆಯ ಪಂದ್ಯಕ್ಕೆ ಹೊರಡಲು ಎರಡು ದಿನವಿದ್ದಾಗ ನಾವು, "ಪರೀಕ್ಷೆಯ ವರ್ಷ, ಇನ್ನು ಚೆಂಡು ಸಾಕು" ಎಂದು ಚೆಂಡನ್ನು ಅಟ್ಟಕ್ಕೆ ಹಾಕಿದೆವು. ಅವಳು ಅಳಲಿಲ್ಲ, ಎದುರಾಡಲಿಲ್ಲ. ಒಳ್ಳೆಯ ಅಂಕಗಳು ಬಂದುವು. ನಾವು ಮಾಡಿದ್ದು ಸರಿಯೆಂಬುದಕ್ಕೆ ಅದೇ ಸಾಕ್ಷಿಯೆಂದು ಮೂವತ್ತು ವರ್ಷ ನಂಬಿದ್ದೆವು.

ಮೊಮ್ಮಗಳು ಬುಟ್ಟಿಯ ಕೆಳಗೆ ನಿಂತು ಚೆಂಡನ್ನು ತಾಯಿಯ ಕಡೆಗೆ ಎಸೆದಳು. ಮಗಳು ಅದನ್ನು ಹಿಡಿದು, ಎರಡು ಸಲ ನೆಲಕ್ಕೆ ತಟ್ಟಿ, ಎಸೆದಳು. ಚೆಂಡು ಕಬ್ಬಿಣದ ಬಳೆಗೆ ತಗುಲಿ ಹೊರಕ್ಕೆ ಬಿದ್ದಿತು. ಮತ್ತೆ ಎಸೆದಳು, ಮತ್ತೆ ತಪ್ಪಿತು. ಐದನೆಯದೋ ಆರನೆಯದೋ ಸಲ ಒಳಗೆ ಬಿದ್ದಾಗ ಅವಳ ಮುಖದಲ್ಲಿ ಕಂಡ ಕಳೆಯನ್ನು ನಾವು ಅವಳ ಪರೀಕ್ಷೆಯ ಫಲಿತಾಂಶದ ದಿನವಾಗಲಿ ಮದುವೆಯ ದಿನವಾಗಲಿ ಕಂಡಿರಲಿಲ್ಲ.

ಹಿಂತಿರುಗುವಾಗ ದಾರಿಯಲ್ಲಿ, "ಅಂದು ನಾವು ಹಾಗೆ ಮಾಡಬಾರದಾಗಿತ್ತಮ್ಮ" ಎಂದೆವು. ಅವಳು ಸ್ವಲ್ಪ ದೂರ ಸುಮ್ಮನೆ ನಡೆದು, "ಅಣ್ಣ, ಆ ಪಂದ್ಯದಲ್ಲಿ ನಮ್ಮವರು ಗೆದ್ದರೋ ಸೋತರೋ ಎಂದು ನಾನು ಯಾರನ್ನೂ ಕೇಳಲಿಲ್ಲ. ಈಗಲೂ ನನಗೆ ಗೊತ್ತಿಲ್ಲ" ಎಂದಳು. ಕೋಪದ ಮಾತಲ್ಲ. ಕೋಪದಿಂದ ಹೇಳಿದ್ದರೆ ನಮಗೆ ಇಷ್ಟು ನಾಟುತ್ತಿರಲಿಲ್ಲವೇನೋ.

ನಮ್ಮ ಮನೆಗಳ ಹಿಂದೆ ಮೋಲ್ಸನ್ ಬಯಲು ಇಲ್ಲ. ನಮ್ಮ ಎಷ್ಟೋ ಶಾಲೆಗಳಿಗೆ ಅಂಗಳವೇ ಇಲ್ಲ. ಅದನ್ನು ಒದಗಿಸುವುದು ಒಬ್ಬಿಬ್ಬರ ಕೈಯಲ್ಲಿಲ್ಲ. ಆದರೆ ಇದ್ದ ಚೆಂಡನ್ನು ಅಟ್ಟಕ್ಕೆ ಹಾಕುವುದೂ ಹಾಕದಿರುವುದೂ ಗೃಹಸ್ಥರಾದ ನಮ್ಮ ಕೈಯಲ್ಲಿಯೇ ಇದೆಯಷ್ಟೆ. ಊರಿಗೆ ಬಂದ ಮೇಲೆ ಅಟ್ಟ ಹತ್ತಿಸಿ ಹುಡುಕಿಸಿದೆವು. ಚೆಂಡು ಸಿಕ್ಕಿತು, ಗಾಳಿ ಹೋಗಿ, ರಬ್ಬರು ಬಿರಿದು, ಯಾವ ಕೆಲಸಕ್ಕೂ ಬಾರದಂತಾಗಿತ್ತು. ಪಕ್ಕದ ಮನೆಯ ಹುಡುಗಿಗೆ ಹೊಸದೊಂದನ್ನು ತಂದುಕೊಟ್ಟೆವು. ಅವಳಿಗೂ ಇದು ಪರೀಕ್ಷೆಯ ವರ್ಷ.