ದಪ್ಪ ಗೆರೆ, ಸಣ್ಣ ಗೆರೆ

ಎಂಬತ್ತರ ದಶಕದಲ್ಲಿ ಬೆಂಗಳೂರು ಕಂಟೋನ್ಮೆಂಟಿನ ಶಿವಾಜಿನಗರದಲ್ಲಿ ಅಂಗಡಿಗೆ ಬೋರ್ಡ್ ಬರೆಸುವುದು ನಿಧಾನದ ಕೆಲಸ. ತಗಡಿಗೆ ಎರಡು ಸಲ ಬಣ್ಣ ಬಳಿದು ಒಣಗಿಸಿ, ಚಾಕ್ ಪುಡಿ ಸವರಿದ ದಾರ ಚಿಮ್ಮಿ ಗೆರೆ ಹೊಡೆದು, ಆಮೇಲೆ ಪೇಂಟರ್ ಬರೆಯಲು ಕೂರುತ್ತಿದ್ದ. ಇಂಗ್ಲಿಷು, ಕನ್ನಡ ಎರಡೂ ಅವನದೇ. ಉರ್ದುವಿಗೆ ಬೇರೆಯವರು ಬರಬೇಕು. ಹಲಸೂರಿನ ಕಡೆಗೆ ತಮಿಳೂ ಸೇರುತ್ತಿತ್ತು. ಕನ್ನಡಕ್ಕೆ ಸಿಗುತ್ತಿದ್ದುದು ಮೂಲೆ. ಹಳೆಯ ಕಂಟೋನ್ಮೆಂಟನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಆದರೆ ಮೂಲೆಯಲ್ಲಿದ್ದ ಆ ಅಕ್ಷರ ಚೆನ್ನಾಗಿತ್ತು. ಕಾರಣ ಚಪ್ಪಟೆ ಬ್ರಷ್. ಅಗಲ ಬದಿ ಓಡಿದ ಕಡೆ ಗೆರೆ ದಪ್ಪ, ಅಂಚು ಓಡಿದ ಕಡೆ ಕೂದಲೆಳೆ. ‘ರ’ ಬರೆಯುವಾಗ ಪೇಂಟರ್ ಬ್ರಷ್ಷಿನ ಓರೆ ಬದಲಿಸದೆ ಸುತ್ತು ಹಾಕುತ್ತಿದ್ದ. ಗೆರೆ ತಾನಾಗಿಯೇ ಉಬ್ಬಿ, ಸೊರಗಿ, ಮತ್ತೆ ಉಬ್ಬುತ್ತಿತ್ತು. ತಲಕಟ್ಟು ಕೊನೆಗೆ, ಒಂದೇ ಎಳೆತಕ್ಕೆ. ಒತ್ತಕ್ಷರಕ್ಕೆ ಸಣ್ಣ ಬ್ರಷ್ಷೇ ಆಗಬೇಕು, ಇಲ್ಲವಾದರೆ ಒಳಗಿನ ಖಾಲಿ ಜಾಗ ಬಣ್ಣದಲ್ಲಿ ಮುಚ್ಚಿಹೋಗುತ್ತದೆ.

ಇಂಗ್ಲಿಷ್ ಅಚ್ಚಿನಲ್ಲಿ ದಪ್ಪ-ತೆಳುವಿನ ಬಳುಕು ಸಾಮಾನ್ಯವಾಗಿ ತುದಿಗೆ ಗೀಟು ಹಾಕಿದ ಅಕ್ಷರಗಳ ಸೊತ್ತು. ಗೀಟಿಲ್ಲದವು ಬಹುಪಾಲು ಒಂದೇ ದಪ್ಪ. ಎರಡನ್ನೂ ಬೆರೆಸುವ ದಾರಿ ಜರ್ಮನಿಯ ಅಕ್ಷರ ವಿನ್ಯಾಸಕ ಹರ್ಮನ್ ಜಾಫ್‌ಗೆ ಸಿಕ್ಕಿದ್ದು 1950ರಲ್ಲಿ, ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನ ಸಮಾಧಿಗಲ್ಲುಗಳಲ್ಲಿ. ಅದರಿಂದ ಹುಟ್ಟಿದ ಆಪ್ಟಿಮಾ ಎಂಬ ಅಚ್ಚಕ್ಷರ 1958ರಲ್ಲಿ ಮಾರುಕಟ್ಟೆಗೆ ಬಂತು. ಕನ್ನಡಕ್ಕೆ ಗೀಟಿನ ಗೊಡವೆಯೇ ಇಲ್ಲ. ಆಪ್ಟಿಮಾದ ಬೆಡಗನ್ನು ಶಿವಾಜಿನಗರದ ಪೇಂಟರ್ ಚದರಡಿ ಲೆಕ್ಕದಲ್ಲಿ ಮಾರುತ್ತಿದ್ದ.

ಸ್ಟಿಕರ್ ಕಟಿಂಗ್ ಬಂದಾಗ ಮೊದಲು ಹೋಗಿದ್ದು ಸಣ್ಣ ಗೆರೆ. ತೆಳು ವಿನೈಲ್ ಪಟ್ಟಿ ಬಿಸಿಲಿಗೆ ಕಿತ್ತು ಬರುತ್ತದೆ. ಎಲ್ಲವನ್ನೂ ದಪ್ಪ ಮಾಡಿದರೆ ತಂಟೆಯಿಲ್ಲ. ಆಮೇಲೆ ಫ್ಲೆಕ್ಸ್. 2011ರಲ್ಲಿ ಮೆಟ್ರೊ ಓಡತೊಡಗುವ ಹೊತ್ತಿಗೆ ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಕೈಬರಹದ ಬೋರ್ಡ್ ಹುಡುಕಬೇಕಿತ್ತು.

ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಎಂಬ ಕಾಯ್ದೆ ತಿದ್ದುಪಡಿ 2024ರಲ್ಲಿ ಬಂತು. ಬರಲೇಬೇಕಿತ್ತು. ಮೂಲೆಯಲ್ಲಿದ್ದ ಕನ್ನಡ ಮೇಲೇರಿತು. ಏರಿಸಿದ ರೀತಿ ಮಾತ್ರ ಹೇಳತೀರದು: ಅದೇ ಹಳೆಯ ಫಾಂಟನ್ನು ಮೌಸ್ ಹಿಡಿದು ಅಡ್ಡಡ್ಡ ಜಗ್ಗಿ ಜಾಗ ತುಂಬಿಸಿದರು. ಹಾಗೆ ಜಗ್ಗಿದರೆ ನಿಂತ ಗೆರೆಗಳಷ್ಟೇ ಊದಿಕೊಳ್ಳುತ್ತವೆ, ಮಲಗಿದ ಗೆರೆಗಳು ಇದ್ದಷ್ಟೇ ಇರುತ್ತವೆ. ಕೆ.ಆರ್. ಪುರದವರೆಗೂ ಇಂಥ ಬಾವು ಬಂದ ಅಕ್ಷರಗಳೇ. ಕಾಯ್ದೆ ಜಾಗ ಅಳೆಯುತ್ತದೆ, ಅಕ್ಷರ ಅದರ ಕೆಲಸವಲ್ಲ.

ಜಗ್ಗದೆ ಅಗಲ ಮಾಡುವ ದಾರಿಯೂ ಇದೆ. ಫಾಂಟ್ ರೂಪಿಸುವ ಏಕ್ ಟೈಪ್‌ನವರ ‘ಅನೇಕ್ ಕನ್ನಡ’ ಫಾಂಟ್ 2022ರಿಂದ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಹಳೆಯ ಬ್ರಷ್ಷಿನ ಬಳುಕಿಲ್ಲ, ನಿಜ. ಆದರೆ ಅಗಲ ಹೆಚ್ಚು-ಕಡಿಮೆ ಮಾಡುವ ಸೌಲಭ್ಯ ಫಾಂಟಿನೊಳಗೇ ಇದೆ, ಗೆರೆ ಕೆಡುವುದಿಲ್ಲ. ಬೋರ್ಡ್ ಮಾಡಿಸುವವರು ಡಿಸೈನ್ ಮಾಡುವ ಹುಡುಗನ ಪಕ್ಕ ಐದು ನಿಮಿಷ ಕೂತು, ಅಕ್ಷರ ಜಗ್ಗಬೇಡಪ್ಪ ಎಂದು ಹೇಳಿ ಬನ್ನಿ.