ಕಾರೈ ಬಯಲಿನ ಸುರುಳಿಗಳು

ಇಲವಾಲದ ನಮ್ಮ ಬೀದಿಯ ಮೇಷ್ಟ್ರಿಗೆ ಕಲ್ಲು ಹೆಕ್ಕುವ ಹುಚ್ಚು. ಶ್ರೀರಂಗಕ್ಕೆಂದು ಹೋದವರು ತಿರುಚ್ಚಿಯ ಆಚೆ ಕಾರೈ ಎಂಬ ಊರಿನ ಬಯಲಿನಿಂದ ಅಂಗೈಯಗಲದ ಸುರುಳಿಕಲ್ಲೊಂದನ್ನು ತಂದಿದ್ದರು. ಮನೆಯವರು ಅದನ್ನು ಸಾಲಿಗ್ರಾಮವೆಂದು ದೇವರ ಮುಂದಿಟ್ಟರು. ಮೊಮ್ಮಗ ಬಸವನಹುಳು ಎಂದ. ಪಕ್ಕದಲ್ಲಿಟ್ಟು ಹೋಲಿಸೋಣವೆಂದರೆ ನಮ್ಮ ಸೀಮೆಯಲ್ಲಿ ಅಂಥ ಇನ್ನೊಂದು ಸಿಗುವಂತಿಲ್ಲ. ಇಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಆಗ ಚಿಪ್ಪು ಹೊತ್ತ ಜೀವಿಯೇ ಹುಟ್ಟಿರಲಿಲ್ಲ. "ಬನ್ನಿ ಸಾರ್, ಸಿಕ್ಕ ಜಾಗಕ್ಕೇ ಹೋಗಿ ನೋಡೋಣ" ಅಂದರು ಮೇಷ್ಟ್ರು.

ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಈರೋಡ್ ಮೇಲೆ ತಿರುಚ್ಚಿ. ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಬಿಸಿಲು. ಮರುದಿನ ಬೆಳಗ್ಗೆ ಚೆನ್ನೈ ಹೆದ್ದಾರಿಯಲ್ಲಿ ಪಾಡಲೂರಿಗೆ ಹೋಗಿ ಒಳದಾರಿ ಹಿಡಿದೆವು. ಹೊಲಗಳು ಇದ್ದಕ್ಕಿದ್ದಂತೆ ಮುಗಿದು, ಹಳದಿ ಮಣ್ಣಿನ ಬೋಳು ದಿಬ್ಬಗಳು, ಮಳೆನೀರು ಕೊರೆದ ಕೊರಕಲುಗಳು ಎದುರಾದವು. ನೆಲದ ತುಂಬ ಜಿಪ್ಸಂ ಚೂರುಗಳು ಗಾಜಿನಂತೆ ಫಳಫಳ. ನಡುನಡುವೆ ಬೆರಳುದ್ದದ ಚೂಪು ಕಲ್ಲುಗಳು: ಬೆಲೆಮ್ನೈಟ್, ಕಟ್ಲ್‌ಫಿಶ್‌ನ ಹಳೆಯ ದಾಯಾದಿಗಳ ಒಳಚಿಪ್ಪು. ಸಮುದ್ರ ಇಲ್ಲಿಂದ ನೂರು ಕಿಲೋಮೀಟರಿಗಿಂತ ಹತ್ತಿರವೇನಿಲ್ಲ. ಆದರೂ ನಾವು ನಿಂತದ್ದು ಕಡಲ ತಳದಲ್ಲಿ, ಸುಮಾರು ಹತ್ತು ಕೋಟಿ ವರ್ಷದ ಹಿಂದಿನ ಕೆಸರಿನ ಮೇಲೆ. ಕಾಲಿಡುವುದಕ್ಕೇ ಸಂಕೋಚವಾಯಿತು.

ಮೇಷ್ಟ್ರು ಚೀಲದಿಂದ ಕಲ್ಲು ತೆಗೆದು ಬಿಸಿಲಿಗೆ ಓರೆ ಹಿಡಿದರು. ಚಕ್ಕುಲಿಯಂತೆ ಚಪ್ಪಟೆ ಸುತ್ತು, ಅಡ್ಡಡ್ಡ ಏಣುಗಳು. ಒಂದು ಕಡೆ ಚಿಪ್ಪು ಉದುರಿಹೋಗಿ ಒಳಗೆ ತುಂಬಿ ಗಟ್ಟಿಯಾದ ಮಣ್ಣು ಮಾತ್ರ ಉಳಿದಿತ್ತು. ನಮ್ಮ ಪುಣ್ಯ, ಗುಟ್ಟು ಇದ್ದದ್ದು ಅಲ್ಲೇ. ಮಸೂರ ಹಿಡಿದರೆ ಜರಿಗಿಡದ ಎಲೆಯಂಚಿನ ಹಾಗೆ ಕವಲೊಡೆದ, ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದರ ಹಿಂದೊಂದು. ಬಸವನಹುಳುವಿನ ಚಿಪ್ಪಿನೊಳಗೆ ಇಂಥ ಸಾಲುಗೋಡೆಗಳಿರುವುದಿಲ್ಲ. ಈ ಪ್ರಾಣಿ ಬೆಳೆದಂತೆಲ್ಲ ಮುಂದಿನ ಕೋಣೆಗೆ ಸರಿದು ಹಿಂದೆ ಗೋಡೆ ಕಟ್ಟಿಕೊಳ್ಳುತ್ತಿತ್ತು. ಖಾಲಿ ಕೋಣೆಗಳಲ್ಲಿ ಗಾಳಿ ತುಂಬಿ ನೀರಿನಲ್ಲಿ ತೇಲುತ್ತಿತ್ತು. ಗೋಡೆ ಚಿಪ್ಪಿಗೆ ಅಂಟಿದ ಅಂಚೇ ಆ ಗೆರೆ. ಈಗಲೂ ಬದುಕಿರುವ ನಾಟಿಲಸ್‌ನಲ್ಲಿ ಅದು ಸರಳ ಬಳುಕು. ಇಷ್ಟು ಕುಸುರಿಯಿದ್ದರೆ ಅಮ್ಮೋನೈಟ್. 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳು ಅಳಿದ ಕಾಲಕ್ಕೇ ನಿರ್ವಂಶವಾದ ಕುಲ. ಹಾಗೆ ನೋಡಿದರೆ ಮನೆಯವರು ಹೇಳಿದ್ದರಲ್ಲೂ ಹುರುಳಿತ್ತು. ಗಂಡಕಿಯ ಕಪ್ಪು ಸಾಲಿಗ್ರಾಮದ ಚಕ್ರವೂ ಹಿಮಾಲಯ ಏಳುವ ಮುಂಚಿನ ಕಡಲಿನ ಅಮ್ಮೋನೈಟೇ, ಇದಕ್ಕಿಂತ ಹಿರಿಯದು.

ಈ ಸೀಮೆಯ ಚಿಪ್ಪುಗಳನ್ನು ಲೋಕಕ್ಕೆ ತೋರಿಸಿದವರೂ ಹವ್ಯಾಸಿಗಳೇ. ಮದ್ರಾಸಿನ ಸಿವಿಲ್ ಅಧಿಕಾರಿ ಕೇ ಮತ್ತು ಅವರ ಜೊತೆಗಾರ ಕನ್ಲಿಫ್ 1840ರ ದಶಕದಲ್ಲಿ ಹೆಕ್ಕಿ ಲಂಡನ್ನಿಗೆ ಕಳಿಸಿದ್ದನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವಿವರಿಸಿದರು. ಆಮೇಲೆ ಬಂದವರು ಭೂವಿಜ್ಞಾನಿ ಸ್ಟೊಲಿಚ್ಕಾ, ಮೊರಾವಿಯಾದವರು. ದಕ್ಷಿಣದ ಸುಡುಬಿಸಿಲಿನ ಈ ಚಿಪ್ಪುಗಳ ಮೇಲೆ ಸಂಪುಟಗಳನ್ನೇ ಬರೆದ ಮನುಷ್ಯ 1874ರಲ್ಲಿ ಯಾರ್ಕಂದಿನಿಂದ ಮರಳುವಾಗ ಲಡಾಖಿನ ಎತ್ತರದಲ್ಲಿ ತೀರಿಕೊಂಡರು, 36ನೇ ವಯಸ್ಸಿಗೇ. ನಮ್ಮ ಕಲ್ಲು ಯಾವ ಪ್ರಭೇದವೆಂದು ಹೇಳಬೇಕಾದರೆ ಅವರ ಚಿತ್ರಗಳ ಜೊತೆ ಏಣು ಏಣನ್ನೂ ತಾಳೆ ನೋಡಬೇಕು, ಯಾವ ಪದರದ್ದೆಂದೂ ಗೊತ್ತಿರಬೇಕು. ಕೊರಕಲಿನ ಬುಡಕ್ಕೆ ಉರುಳಿ ಬಂದ ಕಲ್ಲು ತನ್ನ ಪದರ ಹೇಳುವುದಿಲ್ಲ. ಕುಲ ತಿಳಿಯಿತು, ಸಾಕು.

ಬಂದ ಕೆಲಸ ಮುಗಿಯಿತೆಂದು ಹೊರಟಾಗ ಮೇಷ್ಟ್ರು ಕೂತೇಬಿಟ್ಟರು. ಅವರ ಮುಂದೆ ಗೋಪುರದಂತೆ ಮೇಲಕ್ಕೆ ಸುತ್ತಿದ, ಬೆರಳುದ್ದದ ತುಂಡು. "ಇದು ಬಸವನಹುಳುವೇ, ಸಂಶಯವಿಲ್ಲ" ಅಂದರು. ಮಸೂರ ಹಿಡಿದರೆ ಅದರ ಮೇಲೂ ಅದೇ ಕುಸುರಿ ಗೆರೆ! ಟರಿಲೈಟಿಸ್: ಚಪ್ಪಟೆ ಸುತ್ತುವುದನ್ನು ಬಿಟ್ಟು ಹುಳುವಿನ ವೇಷ ತೊಟ್ಟ ಅಮ್ಮೋನೈಟ್. ಹೀಗೇಕೆ ಸುತ್ತಿಕೊಂಡಿತು, ಹೇಗೆ ಈಜುತ್ತಿತ್ತು ಎಂದು ಬಲ್ಲವರು ಇಂದಿಗೂ ವಾದಿಸುತ್ತಾರೆ.

ಅದನ್ನೂ ಚೀಲಕ್ಕೆ ಹಾಕಲು ಹೊರಟವರನ್ನು ನಾನು ತಡೆದೆ. ಹೀಗೆ ಹೆಕ್ಕಿ ಹೆಕ್ಕಿಯೇ ಈ ಬಯಲು ಬರಿದಾಗುತ್ತಿದೆ. ಪಕ್ಕದಲ್ಲೊಂದು ರೂಪಾಯಿ ನಾಣ್ಯವಿಟ್ಟು ಫೋಟೊ ತೆಗೆದು ಅಲ್ಲೇ ಬಿಟ್ಟೆವು. ಪಾಡಲೂರಿನ ಟೀ ಅಂಗಡಿ ಬರುವವರೆಗೂ ಮೇಷ್ಟ್ರು ನನ್ನ ಜೊತೆ ಮಾತಾಡಲಿಲ್ಲ.