ಅಪ್ಪ ಹೋದ ಮೇಲೆ

ನವೆಂಬರ್ 29, 2024. ಕುಮಟಾ
ಮನೆ ತುಂಬ ನೆಂಟರು. ಬಂದವರೆಲ್ಲ ಹೇಳುವುದು ಒಂದೇ: ‘71ರ ಯುದ್ಧದಲ್ಲಿದ್ದವರು.’ ಹೌದು, ವಿಕ್ರಾಂತ್ ಯುದ್ಧನೌಕೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಸ್ಟೋಕರ್ ಆಗಿದ್ದ. ನನ್ನ ಕಣ್ಣಿಗೆ ಬರುವುದು ಮಾತ್ರ ಒಲೆಯ ಮುಂದೆ ನಿಂತ ಅಪ್ಪ. ಕುಕ್ಕರಿನ ಸೀಟಿ ಅವನಿಗೆ ಕೇಳುತ್ತಿರಲಿಲ್ಲ. ಬಾಯ್ಲರ್ ರೂಮಿನ ಸದ್ದು ಕಿವಿಯನ್ನು ಯಾವಾಗಲೋ ತಿಂದಿತ್ತು. ಹಬೆ ನೋಡಿಯೇ ಲೆಕ್ಕ ಹಿಡಿಯುತ್ತಿದ್ದ. ಗ್ಯಾಸ್ ಆರಿಸುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ.

ಡಿಸೆಂಬರ್ 1, ಬೆಳಗಿನ ಜಾವ 4
ಎಚ್ಚರ. ಇದು ಅಪ್ಪ ಏಳುವ ಹೊತ್ತು. ನಾಲ್ಕರಿಂದ ಎಂಟರ ವಾಚ್ ಮಾಡಿದ ಮೈ, ನೇವಿ ಬಿಟ್ಟ ಮೇಲೂ ಮಲಗಲಿಲ್ಲ. ಚಿಲಕ ನೋಡುವುದು, ನಮ್ಮ ಸೊಳ್ಳೆಪರದೆ ಸರಿಮಾಡುವುದು, ಆಮೇಲೆ ಚಹಾ. ಈಗ ಒಳಗೆ ಯಾರೋ ನಡೆದ ಹಾಗಾಯಿತು. ಆಯಿ.

ಡಿಸೆಂಬರ್ 4
ನೌಕಾಪಡೆ ದಿನ. ಟಿವಿಯಲ್ಲಿ ಪುರಿಯ ಕಡಲತೀರ, ಹಡಗುಗಳು, ವಿಮಾನಗಳು. 1971ರಲ್ಲಿ ಇದೇ ದಿನ ವಿಕ್ರಾಂತ್‌ನ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ಮೇಲೆ ಎರಗಿದ್ದವು. ಹಡಗಿನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ವೇಗ ಸಾಲದಿದ್ದರೆ ವಿಮಾನ ಏರಿಸುವುದೇ ಕಷ್ಟ. ಅಂದು ಅಪ್ಪ ಆಕಾಶವನ್ನೇ ನೋಡಿರಲಿಕ್ಕಿಲ್ಲ. ಆಯಿ ಟಿವಿ ಆರಿಸು ಎನ್ನಲಿಲ್ಲ. ನೋಡಲೂ ಇಲ್ಲ.

ಡಿಸೆಂಬರ್ 9
ಈ ದಿನ ರಾತ್ರಿ ಅಪ್ಪ ಉಣ್ಣುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ, ಪ್ರತಿ ವರ್ಷ. ಅದೇ ಯುದ್ಧದಲ್ಲಿ ನಮ್ಮ ಹಡಗು ಖುಕ್ರಿ ದಿಯು ಹತ್ತಿರ ಮುಳುಗಿದ ರಾತ್ರಿ ಇದು. ಸತ್ತವರು 18 ಅಧಿಕಾರಿಗಳು, 176 ನಾವಿಕರು.
‘ಲೋನಾವಳಾದ ನೇವಿ ಟ್ರೇನಿಂಗಲ್ಲಿ ಜೊತೆಗೆ ಕಲ್ತವ್ರು ಯಾರೋ ಅದ್ರಲ್ಲಿದ್ರು ಕಾಣ್ತದೆ,’ ಅಂದಳು ಆಯಿ. ‘ನಾ ಕೇಳ್ಲಿಲ್ಲ.’
ಯಾರು? ಇನ್ನು ಯಾರನ್ನು ಕೇಳುವುದು?

ಡಿಸೆಂಬರ್ 15
ಟ್ರಂಕ್ ತೆಗೆದೆವು. ಡಿಸ್ಚಾರ್ಜ್ ಬುಕ್, ಪೆನ್ಶನ್ ಆರ್ಡರ್, 2014ರಲ್ಲಿ ವಿಕ್ರಾಂತ್ ಗುಜರಿಗೆ ಹೋದ ಸುದ್ದಿಯ ಕತ್ತರಿಸಿದ ಪೇಪರ್. ಅದರ ಕೆಳಗೆ ನನ್ನ, ತಮ್ಮನ ಶಾಲೆಯ ಫೀ ರಸೀದಿಗಳು, ಒಂದೂ ತಪ್ಪದೆ. 1980ರಲ್ಲಿ ಊರಿಗೆ ಬಂದ ಮೇಲೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು ಕಟ್ಟಿದ ಫೀ.
ಒಂದು ಪತ್ರವಿಲ್ಲ, ಒಂದು ಹೆಸರಿಲ್ಲ. ಸಿಟ್ಟು ಬಂತು. ಇಷ್ಟೆಲ್ಲ ಇಟ್ಟವನಿಗೆ ಅದೊಂದನ್ನು ಹೇಳಲು ಏನಾಗಿತ್ತು?

ಜನವರಿ 6, 2025
ಫ್ಯಾಮಿಲಿ ಪೆನ್ಶನ್‌ಗೆ ಓಡಾಟ. ಆಯಿಯ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ. ಅಫಿಡವಿಟ್ ಬೇಕಂತೆ.
ಸಂಜೆ, ಫ್ರೇಮ್ ಹಾಕಿಸಬೇಕಾದ ಅಪ್ಪನ ಫೋಟೋದ ಮಾತು. ತಮ್ಮನಿಗೆ ಯೂನಿಫಾರ್ಮಿನದೇ ಆಗಬೇಕು, ಕೆಳಗೆ ‘1971ರ ಯೋಧ’ ಎಂದು. ಆಯಿ ತೋರಿಸಿದ್ದು ಲುಂಗಿ ಉಟ್ಟು ಮೊಮ್ಮಗಳನ್ನು ಎತ್ತಿಕೊಂಡದ್ದು.
‘ಟೊಪ್ಪಿಯವ್ರು ವರ್ಷಕ್ಕೆ ಎರಡು ತಿಂಗ್ಳು ಬರ್ತಿದ್ರು. ಮನೇಲಿದ್ದವ್ರು ಇವ್ರು.’
ತಮ್ಮ ಎದ್ದು ಹೊರಗೆ ಹೋದ. ಅವನದೂ ತಪ್ಪಲ್ಲ. ಫ್ರೇಮಿನ ಅಂಗಡಿಯವನಿಗೆ ಗುರುವಾರದೊಳಗೆ ಹೇಳಬೇಕು. ನಾನು ಇನ್ನೂ ಯಾರ ಕಡೆಗೂ ಮಾತಾಡಿಲ್ಲ.